ನಿಲ್ಲಿಸಿ ಕೇಳುವ ಪುಸ್ತಕ

ಪುಸ್ತಕವನ್ನು ಕಣ್ಣಿನಿಂದ ಓದದೆ ಕಿವಿಯಿಂದ ಕೇಳುವುದು ಸೋಮಾರಿಗಳ ಪದ್ಧತಿಯೆಂದು ಮೂಗು ಮುರಿಯುವವರುಂಟು. ನಾನೂ ಬಹುಕಾಲ ಆ ಪಕ್ಷದವಳೇ. ಆದರೆ ಧ್ವನಿಪುಸ್ತಕವು ಹುಟ್ಟಿದುದು ಸೋಮಾರಿಗಳಿಗಾಗಿ ಅಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗೂ ಇತರ ಅಂಧರಿಗೂ ನೆರವಾಗಲೆಂದು ಇಂಗ್ಲೆಂಡಿನಲ್ಲಿ 1935ರಲ್ಲಿ ಕಾದಂಬರಿಗಳನ್ನು ಗ್ರಾಮಫೋನ್ ತಟ್ಟೆಗಳಲ್ಲಿ ಓದಿಸಿ ಮನೆಗಳಿಗೆ ಕಳುಹಿಸತೊಡಗಿದರು. ಒಂದು ಕಾದಂಬರಿಗೆ ಸುಮಾರು ಹತ್ತು ತಟ್ಟೆಗಳು! ಇಂದು ಅದೆಲ್ಲವೂ ಅಂಗೈಯಗಲದ ಫೋನಿನಲ್ಲಿ ಅಡಗಿದೆ.

ನಮ್ಮವರಿಗಾದರೋ ಪುಸ್ತಕವನ್ನು ಕೇಳುವುದು ಹೊಸತಲ್ಲ. ನನ್ನ ತಾಯಿಯವರು ಹಿಂದೆ ಮಧ್ಯಾಹ್ನದ ಹೊತ್ತು ಪಡಸಾಲೆಯಲ್ಲಿ ಕುಳಿತು ಜೈಮಿನಿ ಭಾರತವನ್ನು ರಾಗವಾಗಿ ಓದುತ್ತಿದ್ದರು. ನೆರೆಹೊರೆಯ ಹೆಂಗಸರು ಹೂಬತ್ತಿ ಹೊಸೆಯುತ್ತ ಕೇಳುತ್ತಿದ್ದರು. ಚಂದ್ರಹಾಸನ ಕಥೆ ಬಂದಿತೆಂದರೆ ಹತ್ತು ಪದ್ಯ ಮುಂದುವರಿಯುವುದೇ ಕಷ್ಟ. ತಂದೆತಾಯಿಗಳಿಲ್ಲದ ಆ ಹುಡುಗನಿಗಾಗಿ ಒಬ್ಬಾಕೆ ಕಣ್ಣೊರಸಿಕೊಂಡರೆ, ಇನ್ನೊಬ್ಬಾಕೆಗೆ ತಾನು ಸಾಕಿದ ತಂಗಿಯ ಮಗನ ನೆನಪು. ಕಥೆಗಿಂತ ಮಾತೇ ಹೆಚ್ಚಾಯಿತೆಂದು ಆಗ ನನಗೆ ಬೇಸರವಾಗುತ್ತಿತ್ತು.

ಆ ತಾಯಿಗೆ ಈಗ ಗ್ಲಾಕೋಮಾದಿಂದ ದೃಷ್ಟಿ ಹೋಗಿದೆ. ಆ ರೋಗದಲ್ಲಿ ಹೋದ ನೋಟ ಮರಳುವುದಿಲ್ಲ. ಪರಸ್ಥಳದಲ್ಲಿ ಉದ್ಯೋಗದಲ್ಲಿರುವ ನನ್ನ ಮಗಳು, ಶಿವರಾಮ ಕಾರಂತರ 1941ರ ಕಾದಂಬರಿ ‘ಮರಳಿ ಮಣ್ಣಿಗೆ’ಯನ್ನು ರಾತ್ರಿಗಿಷ್ಟರಂತೆ ತಾನೇ ಓದಿ, ಧ್ವನಿಮುದ್ರಿಸಿ, ಅಜ್ಜಿಗೆ ಕಳುಹಿಸತೊಡಗಿದಳು. ನಾನು ತಾಯಿಯ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಕುಳ್ಳಿರಿಸಿದೆ. ಎರಡು ದಿನ ಕೇಳಿದರು. ಮೂರನೆಯ ದಿನ ತೆಗೆದಿಟ್ಟರು.

“ಮಗು ಚೆನ್ನಾಗಿ ಓದುತ್ತದೆ. ಆದರೆ ಎಲ್ಲಿಯೂ ನಿಲ್ಲುವುದೇ ಇಲ್ಲವಲ್ಲೇ!” ಎಂದರು.

ವೇಗ ಹೆಚ್ಚಾಯಿತೆಂದು ಬಗೆದು ಅದನ್ನು ತಗ್ಗಿಸಿದೆ. ಮಗಳ ದನಿ ನಿದ್ದೆಯಲ್ಲಿ ಮಾತನಾಡುವವಳ ದನಿಯಂತಾಯಿತು. ತಾಯಿ ನಕ್ಕರು, ಕೇಳಲು ಮಾತ್ರ ಒಪ್ಪಲಿಲ್ಲ.

ಮಾಗಿಯಲ್ಲಿ ಒಂದು ದಿನ ಅಡಿಗೆಮನೆಯಲ್ಲಿ ಇಬ್ಬರೂ ಅವರೆಕಾಯಿ ಬಿಡಿಸುತ್ತ ಕುಳಿತಿದ್ದೆವು. ಆ ಕೆಲಸಕ್ಕೆ ತಾಯಿಯ ಬೆರಳುಗಳಿಗೆ ಕಣ್ಣಿನ ಹಂಗಿಲ್ಲ. ಇಯರ್‌ಫೋನನ್ನು ಅತ್ತ ಸರಿಸಿ, ಇಬ್ಬರಿಗೂ ಕೇಳಿಸುವಂತೆ ಫೋನನ್ನು ಮಣೆಯ ಮೇಲಿಟ್ಟೆ. ರಾಮ ಐತಾಳರ ಮನೆಯಲ್ಲಿ ಅವರ ಹೆಂಡತಿ ಪಾರೋತಿಯೂ ವಿಧವೆಯಾಗಿ ತೌರಿನಲ್ಲಿರುವ ಸರಸೋತಿಯೂ ಮೈಮುರಿದು ದುಡಿಯುವ ಭಾಗ ನಡೆದಿತ್ತು.

“ನಿಲ್ಲಿಸೆ,” ಎಂದರು ತಾಯಿ. ನಿಲ್ಲಿಸಿದೆ.

“ನಮ್ಮ ಸೋದರತ್ತೆಯೂ ಹೀಗೆಯೇ ಇದ್ದಳು. ಹದಿನಾರಕ್ಕೆ ಗಂಡ ಹೋದ. ನಮಗೆಲ್ಲ ಬಡಿಸಿ, ಎಲೆ ತೆಗೆದು, ಗೋಮಯ ಹಚ್ಚುತ್ತಿದ್ದಳು. ಅವಳ ಊಟವಾಯಿತೇ ಎಂದು ನಾನು ಒಂದು ದಿನವಾದರೂ ಕೇಳಲಿಲ್ಲ ಕಣೆ.”

ಅಂತಹ ಅಜ್ಜಿಯೊಬ್ಬರಿದ್ದರೆಂಬುದೇ ನನಗೆ ಅಂದಿನವರೆಗೆ ತಿಳಿದಿರಲಿಲ್ಲ. ಹೆಸರು ಕೇಳಿದೆ. ವೆಂಕಮ್ಮ ಎಂದರು. ಅವರು ಹಪ್ಪಳ ಲಟ್ಟಿಸುತ್ತಿದ್ದ ಬಗೆ, ಕದ್ದು ಕಲಿತ ಅಕ್ಷರ, ಕೊನೆಯ ಕಾಯಿಲೆ, ಒಂದೊಂದೇ ಹೊರಬಂದುವು. ಬಿಡಿಸುವ ಕಾಯಿ ಮುಗಿದ ಮೇಲೂ ಇಬ್ಬರೂ ಏಳಲಿಲ್ಲ. ತಾಯಿಗೆ ಬೇಕಾಗಿದ್ದುದು ಮೆಲ್ಲಗಿನ ಓದಲ್ಲ, ತಡೆದು ಮಾತನಾಡಲು ಬಳಿಯಲ್ಲೊಬ್ಬರು ಎಂಬುದು ನನಗೆ ಹೊಳೆಯುವುದಕ್ಕೆ ಇಷ್ಟು ದಿನ ಹಿಡಿಯಿತು!

ಸಂಜೆ ಮಗಳು ಫೋನ್ ಮಾಡಿ, ಕಥೆ ಎಲ್ಲಿಯವರೆಗೆ ಬಂದಿತೆಂದು ವಿಚಾರಿಸಿದಳು.

“ಎಲ್ಲಿಗೂ ಬಂದಿಲ್ಲ,” ಎಂದರು ತಾಯಿ. “ನೀನು ಓದುತ್ತಿರು. ನಾವು ಇನ್ನೂ ಸರಸೋತಿಯ ಹತ್ತಿರವೇ ಕುಳಿತಿದ್ದೇವೆ.”