ಎರಡು ಗುರಿಗಳ ನಡುವೆ



ಈ ಸಲ ನಿಮ್ಮೊಡನೆ ಮಾತಾಡಬೇಕೆಂದಿರುವುದು ಬಿಲ್ಲು ಬಾಣದ ಬಗ್ಗೆ. ನಗಬೇಡಿ. ನಮ್ಮ ನೆರೆಮನೆಯ ಹಿರಿಯರು ಆಗಲೇ ನಕ್ಕು ಮುಗಿಸಿದ್ದಾರೆ. "ಈ ಪ್ರಾಯದಲ್ಲಿ ಟೀಚರಿಗೆ ಬಿಲ್ಲು ಯಾಕೆ? ಮಗಳ ಮದುವೆಯ ಯೋಚನೆ ಮಾಡುವ ಹೊತ್ತಲ್ಲವಾ?" ಎಂದು ನನ್ನ ಯಜಮಾನರನ್ನು ಕೇಳಿದರಂತೆ. ಅವರು ಏನು ಉತ್ತರ ಕೊಟ್ಟರೋ ಗೊತ್ತಿಲ್ಲ. ಮರುದಿನ ಬಾಣ ತುಂಬಿಸಿಡಲೆಂದು ಒಂದು ಪಿವಿಸಿ ಪೈಪಿನ ತುಂಡು ತಂದುಕೊಟ್ಟರು.

ಎರಡು ವರ್ಷಗಳ ಹಿಂದೆ ನಮ್ಮ ಶಾಲೆಯ ಹೆಣ್ಣುಮಕ್ಕಳಿಗಾಗಿ ನಾಲ್ಕು ಬಿದಿರಿನ ಬಿಲ್ಲುಗಳು ಬಂದವು. ನಮ್ಮ ದೇಶದ ಸ್ಪರ್ಧೆಗಳಲ್ಲಿ 'ಇಂಡಿಯನ್ ರೌಂಡ್' ಎಂಬ ವಿಭಾಗವಿದೆ. ಅದು ಬಿದಿರಿನ ಬಿಲ್ಲಿನದ್ದು. ಒಲಿಂಪಿಕ್ಸಿನಲ್ಲಿ ಕಾಣುವ ಬಿಲ್ಲಿಗೆ ಗುರಿ ಹಿಡಿಯಲು ಒಂದು ಸಲಕರಣೆ, ಅಲುಗದಂತೆ ಉದ್ದನೆಯ ಕಡ್ಡಿಗಳು ಎಲ್ಲ ಇರುತ್ತವೆ. ಇದಕ್ಕೆ ಅದೇನೂ ಇಲ್ಲ. ಬಿಲ್ಲು, ಹೆದೆ, ಬಾಣ, ಇಷ್ಟೇ. ಸಂಜೆಯ ಅಭ್ಯಾಸದ ಹೊತ್ತಿಗೆ ಹುಡುಗಿಯರ ಜೊತೆ ಒಬ್ಬ ಶಿಕ್ಷಕಿ ಇರಲೇಬೇಕೆಂದು ಹೆತ್ತವರು ಹೇಳಿದ್ದರಿಂದ ನಾನು ಹೋದೆ. ಕುರ್ಚಿ ಹಾಕಿ ಕೂತು ಉತ್ತರ ಪತ್ರಿಕೆ ತಿದ್ದಬಹುದು ಎಂಬ ಆಸೆಯಿತ್ತು. ವಾರದೊಳಗೆ ಬಿಲ್ಲು ನನ್ನ ಕೈಯಲ್ಲಿತ್ತು.

ವ್ಯಾಯಾಮದ ಮಾಸ್ತರರು ಕಲಿಸಿದ್ದು ಸರಳ ವಿಧಾನ. ಬಾಣವನ್ನು ನೋಡಬೇಡಿ, ನಡುವಿನ ಹಳದಿ ಮಾತ್ರ ನೋಡಿ, ಉಳಿದದ್ದನ್ನು ಕೈ ನೋಡಿಕೊಳ್ಳುತ್ತದೆ ಎನ್ನುತ್ತಿದ್ದರು. ಮಾವಿನಕಾಯಿಗೆ ಕಲ್ಲು ಹೊಡೆಯುವಾಗ ನಾವು ಕಲ್ಲನ್ನು ನೋಡುತ್ತೇವೆಯೇ? ಹಾಗೆ. ಇದು ತಪ್ಪು ವಿಧಾನವೇನಲ್ಲ. ರಾಜಸ್ಥಾನದ ಬುಡಕಟ್ಟಿನ ಲಿಂಬಾ ರಾಮ್ ಬಾಲ್ಯದಲ್ಲಿ ಬಿದಿರಿನ ಬಿಲ್ಲು ಹಿಡಿದು ಬೆಳೆದವರು. 1988, 1992, 1996ರ ಮೂರು ಒಲಿಂಪಿಕ್ಸ್‌ಗಳಲ್ಲಿ ಭಾರತದ ಪರ ಬಾಣ ಬಿಟ್ಟರು. ಆದರೆ ಬಾಲ್ಯದಿಂದ ಸಾವಿರಾರು ಬಾಣ ಬಿಟ್ಟ ಕೈಗೂ, ನಲ್ವತ್ತು ದಾಟಿದ ಮೇಲೆ ಸೀಮೆಸುಣ್ಣ ಕೆಳಗಿಟ್ಟು ಬಿಲ್ಲು ಹಿಡಿದ ಕೈಗೂ ವ್ಯತ್ಯಾಸವಿದೆ. 10 ಮೀಟರಿನಲ್ಲಿ ನನ್ನ ಬಾಣ ಹೇಗೋ ಹಲಗೆಗೆ ಬೀಳುತ್ತಿತ್ತು. 30 ಮೀಟರಿಗೆ ಹೋದರೆ ಒಂದು ಮೇಲೆ, ಒಂದು ಕೆಳಗೆ. ಯಾಕೆಂದು ಕೇಳಿದರೆ ನನ್ನಲ್ಲಿ ಉತ್ತರವಿರಲಿಲ್ಲ.

ಅಷ್ಟರಲ್ಲಿ ಮಾಸ್ತರರಿಗೆ ವರ್ಗವಾಯಿತು. ಕಲಿಸುವ ಕೆಲಸ ನನ್ನ ತಲೆಗೆ ಬಂತು. ಗೊತ್ತಿಲ್ಲದ್ದನ್ನು ಕಲಿಸಲು ಹೊರಟರೆ ಏನಾಗುತ್ತದೆ ಎಂಬುದಕ್ಕೆ ನಾನೇ ಸಾಕ್ಷಿ. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯ ಬಾಣಗಳು ದಿನವೂ ಎಡಕ್ಕೇ ಹೋಗುತ್ತಿದ್ದವು. ಸ್ವಲ್ಪ ಅಲ್ಲ, 10 ಮೀಟರಿನಲ್ಲಿ ಎರಡು ಮೊಳ. "ಹಳದಿ ನೋಡು" ಎಂದೆ. "ನೋಡ್ತಾ ಇದ್ದೇನೆ ಟೀಚರ್" ಎಂದಳು. ಮೂರನೆಯ ದಿನ ಎಲ್ಲರೆದುರು "ನಿನ್ನ ಮನಸ್ಸು ಎಲ್ಲಿದೆ?" ಎಂದು ಗದರಿಸಿಬಿಟ್ಟೆ. ಅವಳು ಬಿಲ್ಲನ್ನು ಗೋಡೆಗೆ ಒರಗಿಸಿದಳು. ಮರುದಿನದಿಂದ ಬರಲಿಲ್ಲ. ಗಮನವಿಲ್ಲದ ಹುಡುಗಿ ಎಂದು ನಾನೂ ಸುಮ್ಮನಾದೆ.

ಕಳೆದ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಊರಿಗೆ ಬಂದಿದ್ದಳು. ದೂರದ ಕಾಲೇಜಿನಲ್ಲಿ ಓದುತ್ತಾ ಅಲ್ಲಿನ ತಂಡದಲ್ಲಿ ಬಿದಿರಿನ ಬಿಲ್ಲು ಹಿಡಿಯುತ್ತಾಳೆ. ನಾನು ಆರು ಬಾಣ ಬಿಡುವುದನ್ನು ನೋಡಿದಳು. ಆಮೇಲೆ ಬಹಳ ಸಂಕೋಚದಿಂದ, "ಟೀಚರ್, ಬೇಜಾರು ಮಾಡ್ಬೇಡಿ. ನೀವು ಅಂದಾಜು ಹಾಕ್ತಾ ಇದ್ದೀರಿ" ಎಂದಳು. ನಾನು ಅಕ್ಷರ ಕಲಿಸಿದ ಮಗು! ಮುಖ ಬಿಸಿಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಅವಳು ಹೇಳಿದ್ದು ನಿಜವಾಗಿತ್ತು.

ಅವಳು ಕಲಿಸಿದ್ದಕ್ಕೆ 'ಗ್ಯಾಪ್' ವಿಧಾನ ಎನ್ನುತ್ತಾರೆ. ಬಾಣದ ಮೊನೆಗೂ ಗುರಿಗೂ ನಡುವೆ ಎಷ್ಟು ಅಂತರ ಬಿಡಬೇಕೆಂಬ ಲೆಕ್ಕ. ಹೆದೆ ಎಳೆದಾಗ ಬೆರಳು ತುಟಿಯ ಮೂಲೆಗೆ ತಾಗುತ್ತದಲ್ಲವೇ? ಅಂದರೆ ಬಾಣದ ಹಿಂದಿನ ತುದಿ ಕಣ್ಣಿಗಿಂತ ನಾಲ್ಕೈದು ಬೆರಳಗಲ ಕೆಳಗಿದೆ. ಹೀಗಿರುವಾಗ ಮೊನೆಯನ್ನು ನೇರವಾಗಿ ಹಳದಿಗೆ ಹಿಡಿದರೆ ಬಾಣ ಮೇಲ್ಮುಖವಾಗಿ ಹೊರಡುತ್ತದೆ, ಹತ್ತಿರದ ಹಲಗೆಯನ್ನು ದಾಟಿ ಹೋಗುತ್ತದೆ. ದೂರ ಹೋದಂತೆ ಬಾಣ ಇಳಿಯುತ್ತದೆ. ಯಾವುದೋ ಒಂದು ದೂರದಲ್ಲಿ ಎರಡೂ ಸರಿದೂಗಿ, ಮೊನೆ ಇಟ್ಟಲ್ಲಿಗೇ ಬಾಣ ಹೋಗುತ್ತದೆ. ನನ್ನ ಬಿಲ್ಲಿಗೆ ಅದು ಸುಮಾರು 42 ಮೀಟರ್. ಅದಕ್ಕಿಂತ ಹತ್ತಿರವಾದರೆ ಮೊನೆ ಗುರಿಯ ಕೆಳಗಿರಬೇಕು, ದೂರವಾದರೆ ಮೇಲೆ.

ಎಷ್ಟು ಕೆಳಗೆ? ಇಲ್ಲಿ ನನಗೆ ಆಶ್ಚರ್ಯವಾಯಿತು. ಹತ್ತಿರ ಬಂದಷ್ಟೂ ಅಂತರ ಹೆಚ್ಚಬೇಕೆಂದು ನಾನು ತಿಳಿದಿದ್ದೆ. ಅಳೆದು ಬರೆದಿಟ್ಟಾಗ 40 ಮೀಟರಿನಲ್ಲಿ ಒಂದು ಗೇಣು, 30ರಲ್ಲಿ ಎರಡೂವರೆ ಮೊಳ, 20ರಲ್ಲಿ ಮೂರು ಮೊಳ ಬಂತು. 10 ಮೀಟರಿಗೆ ಬಂದರೆ ಮತ್ತೆ ಎರಡೇ ಮೊಳ! ಅರ್ಧ ದಾರಿಯಲ್ಲಿ ಅಂತರ ಅತಿ ಹೆಚ್ಚು, ಎರಡು ಕಡೆಗೂ ಕಡಿಮೆ. ಬಾಣದ ಹಾದಿ ಕಮಾನಿನಂತೆ ಬಾಗಿರುವುದರಿಂದ ಹೀಗೆ. ಈ ಲೆಕ್ಕ ನನ್ನ ಬಿಲ್ಲಿನದ್ದು, ನಿಮ್ಮದಕ್ಕೆ ಬೇರೆಯೇ ಬರುತ್ತದೆ. ಬಿಲ್ಲು ಬದಲಾದರೆ, ಬಾಣದ ತೂಕ ಬದಲಾದರೆ, ಬೆರಳು ತುಟಿ ಬಿಟ್ಟು ಗಲ್ಲಕ್ಕೆ ಜಾರಿದರೂ ಎಲ್ಲ ಹೊಸದಾಗಿ ಅಳೆಯಬೇಕು. ಮುಖದ ಬಳಿ ಒಂದು ಬೆರಳಗಲ ತಪ್ಪಿದರೆ 20 ಮೀಟರಿನಲ್ಲಿ ಮೊಳದಷ್ಟು ತಪ್ಪುತ್ತದೆ. ನನ್ನ ಬಾಣಗಳು ಮೇಲೆ ಕೆಳಗೆ ಹೋಗುತ್ತಿದ್ದ ಗುಟ್ಟು ಅಲ್ಲಿತ್ತು.

20 ಮೀಟರಿಗೆ ಅವಳು ನೆಲದ ಮೇಲೆ, ಹಲಗೆಯ ಕಾಲಿನ ಬುಡದಲ್ಲಿ ಒಂದು ತೆಂಗಿನ ಗೆರಟೆ ಇಟ್ಟಳು. "ಮೊನೆ ಗೆರಟೆಯ ಮೇಲಿರಲಿ. ಹಳದಿಯನ್ನು ಮರೆತುಬಿಡಿ." ಕೇಳಲು ಸುಲಭ. ನೆಲಕ್ಕೆ ಗುರಿ ಹಿಡಿದು ಹಲಗೆಗೆ ಹೊಡೆಯುತ್ತೇನೆಂದು ಮನಸ್ಸು ಒಪ್ಪಬೇಕಲ್ಲ! ಬಾಣ ಬಿಡುವ ಕೊನೆಯ ಗಳಿಗೆಯಲ್ಲಿ ಕಣ್ಣು ಹಳದಿಗೆ ಹಾರುತ್ತಿತ್ತು, ಕಣ್ಣಿನ ಹಿಂದೆ ಕೈಯೂ ಏಳುತ್ತಿತ್ತು. ಮೊದಲ ದಿನ ಅರ್ಧದಷ್ಟು ಬಾಣಗಳು ಹಲಗೆಯನ್ನು ದಾಟಿ ಹಿಂದಿನ ದರೆಗೆ ಹೋದವು. ಕೆಂಪುಕಲ್ಲಿಗೆ ಬಡಿದು ಎರಡು ಬಾಣ ಮುರಿದವು. ಮೊದಲು ಬೀಳುತ್ತಿದ್ದಷ್ಟೂ ಈಗ ಬೀಳುತ್ತಿಲ್ಲ. ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಎರಡು ವಾರ ಹೀಗೇ ನಡೆಯಿತು. ಬಿಲ್ಲು ಹಿಡಿಯುವ ಆಸೆ ನಿಮಗಿದ್ದರೆ ಒಂದು ಮಾತು: ಸ್ಕಾರ್ಫಿನ ಸೆರಗನ್ನು ಒಳಗೆ ಸಿಕ್ಕಿಸಿ ಪಿನ್ ಹಾಕಿ, ಬಿಲ್ಲು ಹಿಡಿದ ಕೈಯ ತೋಳನ್ನು ಬಟ್ಟೆಪಟ್ಟಿಯಿಂದ ಬಿಗಿಯಾಗಿ ಸುತ್ತಿ. ಸಡಿಲ ಬಟ್ಟೆ ಹೆದೆಗೆ ಸಿಕ್ಕಿದರೆ ಬಾಣ ಎಲ್ಲಿಗೆ ಹೋಗುತ್ತದೋ ಹೇಳಲಾಗದು.

ಆ ದಿನಗಳಲ್ಲಿ ನಾನೊಂದು ಪುಸ್ತಕ ಓದುತ್ತಿದ್ದೆ. ಸುಮಾರು 1500ರಲ್ಲಿ ಮೊರೊಕ್ಕೋದ ಕಡೆಯ ಒಬ್ಬರು ಅರಬಿಯಲ್ಲಿ ಬರೆದ ಬಿಲ್ವಿದ್ಯೆಯ ಗ್ರಂಥ. ಬರೆದವರ ಹೆಸರು ಉಳಿದಿಲ್ಲ. ನಬೀಹ್ ಅಮೀನ್ ಫಾರಿಸ್ ಎಂಬ ವಿದ್ವಾಂಸರೂ ರಾಬರ್ಟ್ ಎಲ್ಮರ್ ಎಂಬ ಬಿಲ್ಲುಗಾರ ವೈದ್ಯರೂ ಸೇರಿ ಮಾಡಿದ ಇಂಗ್ಲಿಷ್ ಅನುವಾದ 1945ರಲ್ಲಿ ಪ್ರಿನ್ಸ್‌ಟನ್‌ನಿಂದ ಹೊರಬಂತು. ಗುರಿ ನೋಡುವ ಬಗೆಯಲ್ಲಿ ಹಳೆಯ ಉಸ್ತಾದರಲ್ಲೇ ಭಿನ್ನಾಭಿಪ್ರಾಯವಿತ್ತಂತೆ. ಬಿಲ್ಲಿನ ಹೊರಬದಿಯಿಂದ ನೋಡಬೇಕೆನ್ನುವವರು, ಒಳಬದಿಯಿಂದ ಎನ್ನುವವರು, ಎರಡೂ ಬೇಕೆನ್ನುವವರು. ಮದ್ರಸದಲ್ಲಿ ಫಿಕ್ಹ್ ಓದಿದವಳಿಗೆ ಇದು ಪರಿಚಿತ ಜಗಳ. ಓದಿ ಸಮಾಧಾನವಾಯಿತು. ಕಣ್ಣು ಎಲ್ಲಿಡಬೇಕೆಂಬ ತೊಂದರೆ ನನ್ನೊಬ್ಬಳದ್ದಲ್ಲ.

ಇನ್ನೊಂದು ಓದು ಬಹಳ ಹಿಂದಿನದು. ಸಹೀಹ್ ಮುಸ್ಲಿಮ್‌ನಲ್ಲಿ ಉಕ್ಬಾ ಬಿನ್ ಆಮಿರ್(ರ)ರ ಒಂದು ಪ್ರಸಂಗ ಬರುತ್ತದೆ. ಅವರು ಎರಡು ಗುರಿಗಳ ನಡುವೆ ಓಡಾಡುತ್ತಿರುವುದನ್ನು ಕಂಡ ಫುಕೈಮ್ ಎಂಬವರು, ಮುದುಕರಾದ ನಿಮಗೆ ಇದು ಕಷ್ಟವಲ್ಲವೇ ಎಂದು ಕೇಳುತ್ತಾರೆ. ಪ್ರವಾದಿ(ಸ)ರಿಂದ ಒಂದು ವಿಷಯ ಕೇಳಿರದಿದ್ದರೆ ಈ ಕಷ್ಟ ಪಡುತ್ತಿರಲಿಲ್ಲ ಎಂದು ಉಕ್ಬಾ(ರ) ಉತ್ತರಿಸುತ್ತಾರೆ. ಬಾಣ ಬಿಡಲು ಕಲಿತು ಅದನ್ನು ತೊರೆಯುವವರಿಗೆ ಕೊಟ್ಟ ಎಚ್ಚರಿಕೆ ಅದು. ಹದಿನಾರರ ಪ್ರಾಯದಲ್ಲಿ ಇದನ್ನು ಬಾಯಿಪಾಠ ಮಾಡಿದ್ದೆ. ಎರಡು ಗುರಿಗಳ ನಡುವೆ ಯಾಕೆ ಓಡಾಡಬೇಕೆಂದು ಮಾತ್ರ ಹೊಳೆದಿರಲಿಲ್ಲ. ಈಗ ದಿನಕ್ಕೆ ಇಪ್ಪತ್ತು ಸಲ ಬಾಣ ಹೆಕ್ಕಲು ನಡೆದು ಮಂಡಿ ನೋಯುವಾಗ ಅರ್ಥವಾಗುತ್ತದೆ. ಆ ತುದಿಯಲ್ಲೂ ಒಂದು ಗುರಿಯಿದ್ದರೆ ಬರಿಗೈಲಿ ಮರಳುವ ನಡಿಗೆ ಉಳಿಯುತ್ತದೆ.

ಮೂರನೆಯ ವಾರ ನನ್ನ ಬಾಣಗಳು ಒಂದೇ ಕಡೆ ಸೇರತೊಡಗಿದವು. ಹಳದಿಯಲ್ಲಲ್ಲ, ಕೆಳಗಿನ ನೀಲಿಯಲ್ಲಿ. "ಪರವಾಗಿಲ್ಲ ಟೀಚರ್. ಒಟ್ಟಿಗೆ ಬಿದ್ದರೆ ಸಾಕು, ಗೆರಟೆ ಸರಿಸಿದರಾಯ್ತು" ಎಂದಳು. ಆ ಖುಷಿಯಲ್ಲಿ ಮಾತಿಗೆ ಮಾತು ಬಂದು, ಎಡಕ್ಕೇ ಬಾಣ ಬಿಡುತ್ತಿದ್ದ ಆ ಹುಡುಗಿಯ ಸುದ್ದಿಯನ್ನು ತಮಾಷೆಯೆಂಬಂತೆ ಹೇಳಿದೆ. ಇವಳು ನಗಲಿಲ್ಲ. "ಅವಳ ಕಣ್ಣು ನೋಡಿದ್ದೀರಾ?" ಎಂದಳು.

ಕೈ ಹಾಗೆಯೇ ಕಣ್ಣಿಗೂ ಬಲ ಎಡ ಎಂಬುದಿದೆ, ಸಹೋದರಿಯರೇ. ನೀವೂ ನೋಡಿಕೊಳ್ಳಬಹುದು. ಎರಡೂ ಕೈಗಳನ್ನು ಮುಂದೆ ಚಾಚಿ, ಅಂಗೈಗಳನ್ನು ಸೇರಿಸಿ ಬೆರಳುಗಳ ನಡುವೆ ಚಿಕ್ಕ ಕಿಂಡಿ ಮಾಡಿ. ಎರಡೂ ಕಣ್ಣು ತೆರೆದು ಆ ಕಿಂಡಿಯಲ್ಲಿ ದೂರದ ಒಂದು ವಸ್ತುವನ್ನು ನೋಡಿ. ಆಮೇಲೆ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ಮುಚ್ಚಿದಾಗ ವಸ್ತು ಮಾಯವಾಗುತ್ತದೋ ಅದೇ ನಿಮ್ಮ ಮುಖ್ಯ ಕಣ್ಣು. ಬಲಗೈಯಲ್ಲಿ ಹೆದೆ ಎಳೆಯುವವಳ ಬಾಣ ಬಲಗಣ್ಣಿನ ಕೆಳಗಿರುತ್ತದೆ. ಅವಳ ಮುಖ್ಯ ಕಣ್ಣು ಎಡದ್ದಾದರೆ ಎಷ್ಟೇ ಶ್ರದ್ಧೆಯಿಂದ ಹಳದಿ ನೋಡಿದರೂ ಬಾಣ ಎಡಕ್ಕೇ ಹೋಗುತ್ತದೆ.

ಕಲಿತು ಬಿಟ್ಟವರಿಗೆ ಎಚ್ಚರಿಕೆಯಿದೆ. ಬಿಡಿಸಿದವರಿಗೆ ಏನಿದೆಯೋ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಅಸರ್ ಮುಗಿಸಿ ಅವಳ ಮನೆಗೆ ಹೋದೆ. ಅವಳ ಉಮ್ಮ ಗಾಬರಿಯಿಂದ "ಏನಾಯ್ತು ಟೀಚರ್?" ಎಂದರು. ತಪ್ಪು ನನ್ನದು ಎಂದು ಅವರೆದುರೇ ಹೇಳಿದೆ. ಹುಡುಗಿ ಬಾಗಿಲ ಹಿಂದೆ ನಿಂತಿದ್ದಳು. ಅಂಗಳದಲ್ಲೇ ಕೈ ಚಾಚಿಸಿ ತೆಂಗಿನ ಮರವನ್ನು ನೋಡಿಸಿದೆ. ಎಡಗಣ್ಣು ಮುಚ್ಚಿದ ಕೂಡಲೇ "ಮರ ಹೋಯ್ತು!" ಎಂದಳು.

ಎಡಗೈಯವರ ಬಿಲ್ಲು ನಮ್ಮಲ್ಲಿಲ್ಲ. ಆದ್ದರಿಂದ ಮೈದಾನದಲ್ಲಿ ಅವಳೇ ಉಪಾಯ ಮಾಡಿದಳು. ಸ್ಕಾರ್ಫಿನ ಅಂಚನ್ನು ಎಡಗಣ್ಣಿನ ಮೇಲೆ ಎಳೆದು ಪಿನ್ ಹಾಕಿಕೊಂಡಳು. 10 ಮೀಟರಿನಲ್ಲಿ ಗೆರಟೆ ಇಟ್ಟೆವು. ಮೊದಲ ಬಾಣ ಕಪ್ಪಿಗೆ, ಎರಡನೆಯದು ನೀಲಿಗೆ, ಮೂರನೆಯದೂ ನೀಲಿಗೆ. ಎಡಕ್ಕೆ ಒಂದೂ ಹೋಗಲಿಲ್ಲ.

ಬಾಣ ಹೆಕ್ಕಲು ಇಬ್ಬರೂ ಹಲಗೆಯ ಕಡೆ ನಡೆಯುತ್ತಿದ್ದಾಗ ಅವಳು ನನ್ನ ಮುಖ ನೋಡದೆ ಕೇಳಿದಳು.

"ಟೀಚರ್, ಹಾಗಾದ್ರೆ ಆವತ್ತು ನನ್ನ ಮನಸ್ಸು ಇಲ್ಲೇ ಇತ್ತಲ್ವಾ?"

"ಇತ್ತು ಮಗಳೇ" ಎಂದೆ.