ಗಿಡಕ್ಕೆ ಗ್ಯಾಸ್ ಕೊಡೋ ಮೊದಲು ಬೆಳಕು ಕೊಡಿ

1/7
ರೀಲ್ಸ್‌ನಲ್ಲಿ ಇದೊಂದು ಐಡಿಯಾ ತಿರುಗಾಡ್ತಾ ಇದೆ. ಬಾಟಲಿಗೆ ಸಕ್ಕರೆ, ಈಸ್ಟ್, ಬೆಚ್ಚಗಿನ ನೀರು ಹಾಕಿ, ಮುಚ್ಚಳಕ್ಕೆ ಪೈಪ್ ಸಿಕ್ಕಿಸಿ ಗಿಡದ ಪಕ್ಕ ಇಡೋದು. "ಕಾರ್ಬನ್ ಡೈಆಕ್ಸೈಡ್ ಕೊಡಿ, ಗಿಡ ಡಬಲ್ ಆಗುತ್ತೆ" ಅಂತ ಕ್ಯಾಪ್ಶನ್. ನಾಲ್ಕು ಜನ ಇದನ್ನೇ ಕಳಿಸಿ "ವರ್ಕ್ ಆಗುತ್ತಾ?" ಅಂತ ಕೇಳಿದ್ರಿ. ವಿಜ್ಞಾನ ಸುಳ್ಳಲ್ಲ. ಆದರೆ ನಮ್ಮ ರೂಮಿಗೂ ನಮ್ಮೂರಿನ ಪಾಲಿಹೌಸಿಗೂ ಇದು ಲಾಭದ ಬಾಬ್ತಲ್ಲ ಅನ್ನೋದು ನನ್ನ ಅಭಿಪ್ರಾಯ. ಯಾಕೆ ಅಂತ ಬಿಕಾಂ ಲೆಕ್ಕದಲ್ಲೇ ಹೇಳ್ತೀನಿ.

2/7
ಮೊದಲು ನಿಜ ಇರೋ ಭಾಗ. ಹೊರಗಿನ ಗಾಳಿಯ 10 ಲಕ್ಷ ಭಾಗದಲ್ಲಿ ಕಾರ್ಬನ್ ಡೈಆಕ್ಸೈಡ್ ಇರೋದು 420ಕ್ಕಿಂತ ಸ್ವಲ್ಪ ಹೆಚ್ಚು, ಅಂದ್ರೆ 420 ಚಿಲ್ಲರೆ ಪಿಪಿಎಂ. ಗಾಜಿನ ಮನೆಯೊಳಗೆ ಅದನ್ನು 800ರಿಂದ 1000ಕ್ಕೆ ಏರಿಸಿದರೆ ಟೊಮೆಟೊ, ಸೌತೆ, ದಪ್ಪ ಮೆಣಸಿನಕಾಯಿ ಇಳುವರಿ ಸುಮಾರು 20ರಿಂದ 30% ಹೆಚ್ಚಾಗಬಹುದು. ಎಲೆಯಲ್ಲಿ ಈ ಅನಿಲವನ್ನು ಹಿಡಿಯೋ ರುಬಿಸ್ಕೋ ಅನ್ನೋ ಕಿಣ್ವ ಆಗಾಗ ಎಡವಿ ಆಮ್ಲಜನಕವನ್ನು ಹಿಡಿದುಬಿಡುತ್ತೆ. ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಇದ್ದರೆ ಆ ಎಡವಟ್ಟು ಕಡಿಮೆ. ನಮ್ಮ ರಾಗಿ, ಜೋಳ, ಕಬ್ಬಿಗೆ ಈ ಅನಿಲವನ್ನು ಎಲೆಯೊಳಗೇ ಒಟ್ಟುಮಾಡಿಕೊಳ್ಳೋ ವ್ಯವಸ್ಥೆ ಇದೆ. ಅವಕ್ಕೆ ಹೊರಗಿಂದ ಕೊಟ್ಟರೂ ಅಷ್ಟೇನೂ ಪ್ರಯೋಜನ ಇಲ್ಲ.

3/7
ಈಗ ನಿಮ್ಮ ಪಿಜಿ ರೂಮು. 10 ಅಡಿ ಉದ್ದ, 10 ಅಗಲ, 10 ಎತ್ತರ ಅಂದ್ಕೊಳ್ಳಿ. ಅದನ್ನು 1000 ಪಿಪಿಎಂಗೆ ತರೋಕೆ ಬೇಕಾಗಿರೋದು ಸುಮಾರು 30 ಗ್ರಾಂ ಕಾರ್ಬನ್ ಡೈಆಕ್ಸೈಡ್ ಮಾತ್ರ. ಒಬ್ಬ ಮನುಷ್ಯ ಉಸಿರಲ್ಲಿ ಬಿಡೋದೇ ದಿನಕ್ಕೆ ಹೆಚ್ಚುಕಮ್ಮಿ ಒಂದು ಕೆಜಿ. ಅಂದ್ರೆ ಬಾಗಿಲು ಕಿಟಕಿ ಹಾಕಿಕೊಂಡು ಒಂದು ಗಂಟೆ ಓದ್ತಾ ಕೂತರೆ ಕೆಲಸ ಮುಗೀತು. ಸಕ್ಕರೆ ಬಾಟಲಿ ಯಾಕೆ? ನೀವೇ ಇದ್ದೀರಲ್ಲ, ಫ್ರೀ!

ಹಾಗಾದ್ರೆ ರೂಮಿನ ಗಿಡ ಯಾಕೆ ಬೆಳೀತಿಲ್ಲ? ಬೆಳಕಿಲ್ಲ, ಅದಕ್ಕೆ. ಮಧ್ಯಾಹ್ನದ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಟ್ಯೂಬ್‌ಲೈಟ್ ರೂಮಲ್ಲಿ ಕೆಲವು ನೂರು, ಅಷ್ಟೇ. 1905ರಲ್ಲೇ ಬ್ಲ್ಯಾಕ್‌ಮನ್ ಅನ್ನೋ ಸಸ್ಯವಿಜ್ಞಾನಿ ಹೇಳಿದ್ದು ಇದನ್ನೇ: ಯಾವುದು ಅತಿ ಕಡಿಮೆ ಇದೆಯೋ ಅದೇ ಬೆಳವಣಿಗೆಯ ವೇಗ ತೀರ್ಮಾನಿಸುತ್ತೆ. ಅಕ್ಕಿನೇ ಇಲ್ಲದ ಮನೆಗೆ ಮೂಟೆ ಬೇಳೆ ತಂದು ಹಾಕಿದ ಹಾಗೆ ಆಯ್ತು ಈ ಬಾಟಲಿ ಕಥೆ.

4/7
"ನೆದರ್ಲೆಂಡ್ಸ್‌ನಲ್ಲಿ ಮಾಡ್ತಾರಲ್ಲ?" ಅಂತ ಕೇಳ್ತೀರಿ. ಮಾಡ್ತಾರೆ, ಸರಿಯಾಗೇ ಮಾಡ್ತಾರೆ. ಅಲ್ಲಿ ಚಳಿ, ಗಾಜಿನ ಮನೆ ಮುಚ್ಚಿರುತ್ತೆ. ಒಳಗಿನ ಗಿಡಗಳು ಇದ್ದಬದ್ದ ಕಾರ್ಬನ್ ಡೈಆಕ್ಸೈಡ್ ತಿಂದು ಹೊರಗಿನ ಮಟ್ಟಕ್ಕಿಂತ ಕೆಳಗಿಳಿಸುತ್ತವೆ. ಹೇಗಿದ್ರೂ ಶಾಖಕ್ಕೆ ನೈಸರ್ಗಿಕ ಅನಿಲ ಸುಡಬೇಕು. ಅದರಲ್ಲೇ ಕರೆಂಟು, ಅದರ ಹೊಗೆಯಿಂದಲೇ ಕಾರ್ಬನ್ ಡೈಆಕ್ಸೈಡ್. 2005ರಿಂದ ರೋಟರ್‌ಡ್ಯಾಮ್ ಹತ್ತಿರದ ಪೆರ್ನಿಸ್ ತೈಲ ಶುದ್ಧೀಕರಣ ಘಟಕದ ಕಾರ್ಬನ್ ಡೈಆಕ್ಸೈಡನ್ನು ಓಕ್ಯಾಪ್ ಅನ್ನೋ ಕಂಪನಿ, ಬಳಕೆ ನಿಂತಿದ್ದ ಹಳೇ ತೈಲ ಪೈಪಿನಲ್ಲಿ ಗಾಜಿನ ಮನೆಗಳಿಗೆ ಹರಿಸ್ತಿದೆ.

ಕಾಸ್ಟ್ ಅಕೌಂಟಿಂಗ್ ಓದಿದವರಿಗೆ ಗೊತ್ತಾಗಿರಬೇಕು. ಅವರಿಗೆ ಅದು ಬೈ-ಪ್ರಾಡಕ್ಟ್. ನಮಗೆ ದುಡ್ಡು ಕೊಟ್ಟು ತರಬೇಕಾದ ಕಚ್ಚಾ ವಸ್ತು. ಒಂದೇ ಅನಿಲ, ಎರಡು ಬೇರೆ ಬೇರೆ ಲೆಡ್ಜರ್.

5/7
ದೊಡ್ಡಬಳ್ಳಾಪುರ ಕಡೆ ನಮ್ಮ ಚಿಕ್ಕಪ್ಪ ಪಾಲಿಹೌಸಲ್ಲಿ ಕ್ಯಾಪ್ಸಿಕಂ ಬೆಳೀತಾರೆ. ಬ್ಯಾಂಕ್ ಕಂತು ಇನ್ನೂ ತೀರಿಲ್ಲ. ಅವರಿಗೂ ಒಬ್ಬರು ಸಿಲಿಂಡರ್ ಸೆಟಪ್ ಕೊಟೇಶನ್ ಕೊಟ್ಟು ಹೋಗಿದ್ದಾರೆ, "ಡಚ್ ಟೆಕ್ನಾಲಜಿ" ಅಂತ. ಆದರೆ ನಮ್ಮ ಕಡೆ ಪಾಲಿಹೌಸ್ ನೋಡಿದ್ದೀರಲ್ಲ? ಬಹುತೇಕ ಎಲ್ಲದರ ಪಕ್ಕದ ಪರದೆ, ಮೇಲಿನ ಕಿಂಡಿ ಹಗಲೆಲ್ಲ ತೆರೆದೇ ಇರುತ್ತೆ. ಇಲ್ಲದಿದ್ರೆ ಸೆಕೆಗೆ ಗಿಡ ಬಾಡುತ್ತೆ. ಬೆಳಕು ಚೆನ್ನಾಗಿದ್ದು ಗಿಡಕ್ಕೆ ಕಾರ್ಬನ್ ಡೈಆಕ್ಸೈಡ್ ಬೇಕಾಗೋದೂ ಅದೇ ಹೊತ್ತಲ್ಲಿ. ಆಗ ಬಿಟ್ಟ ಗ್ಯಾಸ್ ತೂತು ಮಡಕೆಗೆ ಸುರಿದ ನೀರು. ಅದೇ ತೆರೆದ ಕಿಂಡಿಯಿಂದ ಹೊರಗಿನ 420 ಪಿಪಿಎಂ ಗಾಳಿ ಪುಕ್ಕಟೆ ಒಳಗೆ ಬರ್ತಾನೇ ಇರುತ್ತೆ. ಆ ದುಡ್ಡು ಕಂತಿಗೆ ಹೋಗಲಿ, ಇಲ್ಲ ಡ್ರಿಪ್ ರಿಪೇರಿಗೆ ಹೋಗಲಿ ಅಂತ ಚಿಕ್ಕಪ್ಪನಿಗೆ ಹೇಳಿದ್ದೀನಿ.

ಎಲ್ಲೂ ಬೇಡ ಅಂತಲ್ಲ. ಪೂರ್ತಿ ಮುಚ್ಚಿದ, ಜೋರು ಎಲ್‌ಇಡಿ ಬೆಳಕಿನ, ಎಸಿ ಇರೋ ವರ್ಟಿಕಲ್ ಫಾರ್ಮ್‌ನಲ್ಲಿ ಅರ್ಥ ಇದೆ. ಆದರೆ ಅಲ್ಲೂ ಇದು ಕೊನೇ ಮೆಟ್ಟಿಲು. ಬೆಳಕು, ನೀರು, ಗೊಬ್ಬರ, ತಾಪಮಾನ ಎಲ್ಲ ಸರಿಯಾದ ಮೇಲೆ.

6/7
ಇದನ್ನು ಮಾತ್ರ ಸ್ಕಿಪ್ ಮಾಡ್ಬೇಡಿ. ಈಸ್ಟ್ ಬಾಟಲಿಯಿಂದ ಅಂಥ ಅಪಾಯ ಇಲ್ಲ. ಸಿಲಿಂಡರ್ ಮತ್ತು ಡ್ರೈ ಐಸ್ ಬೇರೆ ವಿಷಯ. ಮೇಲೆ ಹೇಳಿದ ರೂಮನ್ನೇ ಪೂರ್ತಿ ಮುಚ್ಚಿ ಅದರಲ್ಲಿ ಒಂದು ಕೆಜಿ ಡ್ರೈ ಐಸ್ ಆವಿಯಾದ್ರೆ ಮಟ್ಟ ಸುಮಾರು 19,000 ಪಿಪಿಎಂ. ಎಂಟು ಗಂಟೆ ಕೆಲಸದ ಜಾಗಕ್ಕೆ ಮಿತಿ 5,000. 40,000 ಅಂದ್ರೆ ಜೀವಕ್ಕೇ ಅಪಾಯ. ಬಣ್ಣ ಇಲ್ಲ, ವಾಸನೆ ಇಲ್ಲ, ಗಾಳಿಗಿಂತ ಭಾರ. ನೆಲದಲ್ಲಿ ಹಾಸಿಗೆ ಹಾಸಿ ಮಲಗೋರ ಮೂಗಿನ ಮಟ್ಟದಲ್ಲೇ ತುಂಬುತ್ತೆ.

ಉತ್ತರ ಕರ್ನಾಟಕದ ಫ್ರೆಂಡ್ಸ್‌ಗೆ ಹಗೇವು ಗೊತ್ತಿರುತ್ತೆ. ಜೋಳ ತುಂಬಿಡೋ ನೆಲದೊಳಗಿನ ಕಣಜ. ಅದರ ಬಾಯಿ ತೆರೆದ ಕೂಡಲೇ ಹಿರಿಯರು ಯಾರನ್ನೂ ಇಳಿಯೋಕೆ ಬಿಡಲ್ಲ. ಗಾಳಿ ಆಡೋಕೆ ಬಿಟ್ಟು, ದೀಪ ಇಳಿಸಿ, ಅದು ಆರದೇ ಇದ್ರೆ ಮಾತ್ರ ಮನುಷ್ಯ ಒಳಗೆ. ಕಾಳು ಉಸಿರಾಡಿ ಬಿಟ್ಟಿದ್ದು ಇದೇ ಅನಿಲ. ರೀಲ್ಸ್ ಮಾಡೋರು ಈ ಭಾಗ ಹೇಳೋದೇ ಇಲ್ಲ.

7/7
ಆದ್ದರಿಂದ ಗೆಳೆಯರೇ, ಕುಂಡವನ್ನು ಕಿಟಕಿ ಪಕ್ಕಕ್ಕೆ ಸರಿಸಿ, ಎಲೆ ಮೇಲಿನ ಧೂಳು ಒರೆಸಿ. ದುಡ್ಡು ಇದ್ದರೆ ಒಂದು ಒಳ್ಳೇ ಲೈಟ್ ತಗೊಳ್ಳಿ. ಸಕ್ಕರೆ ಕಾಫಿಗೆ ಇರಲಿ.

ನಿಮ್ಮ ಮನೆಯಲ್ಲಿ ಪಾಲಿಹೌಸ್ ಇದ್ದು ಯಾರಾದ್ರೂ ಇಂಥ ಕೊಟೇಶನ್ ಕೊಟ್ಟಿದ್ರೆ, ಸೈನ್ ಮಾಡೋ ಮುಂಚೆ ಒಂದೇ ಪ್ರಶ್ನೆ ಕೇಳಿ: "ಹಗಲು ಪರದೆ ತೆರೆದಾಗ ಈ ಗ್ಯಾಸ್ ಎಲ್ಲಿ ಹೋಗುತ್ತೆ?" ಅವರು ಕೊಟ್ಟ ಉತ್ತರ ಕಾಮೆಂಟಲ್ಲಿ ಹಾಕಿ, ಒಟ್ಟಿಗೆ ಲೆಕ್ಕ ಹಾಕೋಣ.

#ಬಿಕಾಂಲೆಕ್ಕ #ಮನೆಗಿಡ #ಪಾಲಿಹೌಸ್