ಜೀವದ ಗುಟ್ಟು ಗಾಡಿಯ ತಳದಲ್ಲಿ

ಗಣರಾಜ್ಯೋತ್ಸವದ ಪಥಸಂಚಲನ ನೋಡುವಾಗ ನಮ್ಮ ಕಣ್ಣು ನಿಲ್ಲುವುದು ಟ್ಯಾಂಕು, ಕ್ಷಿಪಣಿಗಳ ಮೇಲೆ. ಎತ್ತರದ ಚಕ್ರಗಳ ಮೇಲೆ ಉಕ್ಕಿನ ಪೆಟ್ಟಿಗೆ ಕೂರಿಸಿದಂಥ ಗಾಡಿಯೊಂದು ಹಾದುಹೋದರೆ ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಆದರೆ ಗಸ್ತಿಗೆ ಹೋದ ಎಷ್ಟೋ ಯೋಧರು ಸಂಜೆ ಕ್ಯಾಂಪಿಗೆ ಮರಳುವುದು ಇಂಥ ಗಾಡಿಯನ್ನು ನಂಬಿಯೇ.

ಇದರ ಗುಟ್ಟಿರುವುದು ತಳದಲ್ಲಿ. ಸಾಮಾನ್ಯ ಲಾರಿಯ ತಳ ಚಪ್ಪಟೆ. ಕೆಳಗೆ ನೆಲಬಾಂಬ್ ಸಿಡಿದರೆ ಹೊಡೆತವೆಲ್ಲ ಕೂತವರ ಕಾಲಿಗೆ, ಬೆನ್ನುಮೂಳೆಗೆ. ಈ ಗಾಡಿಯ ತಳ ದೋಣಿಯಂತೆ, ‘ವಿ’ ಆಕಾರದಲ್ಲಿರುತ್ತದೆ. ಸ್ಫೋಟದ ಒತ್ತಡ ಇಕ್ಕೆಲಗಳಿಗೆ ಜಾರಿಹೋಗುತ್ತದೆ. ಚಕ್ರ ಕಿತ್ತುಹೋದರೂ ಚಿಂತೆಯಿಲ್ಲ, ಒಳಗಿನ ಜೀವ ಉಳಿಯಬೇಕು ಎಂಬುದೇ ಲೆಕ್ಕಾಚಾರ. ಟ್ಯಾಂಕಿನ ಸರಪಳಿ ಪಟ್ಟಿಯ ಬದಲು ಚಕ್ರವಿರುವುದರಿಂದ ಡಾಂಬರು ರಸ್ತೆಯಲ್ಲಿ ವೇಗವೂ ಹೆಚ್ಚು, ದುರಸ್ತಿಯ ಖರ್ಚೂ ಕಡಿಮೆ.

ದಕ್ಷಿಣ ಆಫ್ರಿಕಾದ ‘ಕ್ಯಾಸ್ಪಿರ್’ ಇಂಥ ಗಾಡಿಗಳಲ್ಲಿ ಹೆಸರಾದದ್ದು. ನಮ್ಮ ಸೇನೆ ಅದನ್ನು ಕಾಶ್ಮೀರದಲ್ಲಿ ಬಳಸಿತು. ಮುಂದೆ ಹೈದರಾಬಾದಿಗೆ ಹತ್ತಿರದ ಮೇದಕ್ ಕಾರ್ಖಾನೆಯಲ್ಲಿ ‘ಆದಿತ್ಯ’ ತಯಾರಾಯಿತು. ಪುಣೆಯ ಕಲ್ಯಾಣಿ ಸಮೂಹದ ‘ಎಂ4’ಗೆ 2021ರಲ್ಲಿ ಸೇನೆಯಿಂದ ಸುಮಾರು 178 ಕೋಟಿ ರೂಪಾಯಿಯ ಬೇಡಿಕೆ ಬಂತು. ಅದರ ಮೂಲ ವಿನ್ಯಾಸವೂ ದಕ್ಷಿಣ ಆಫ್ರಿಕಾದ್ದೇ. ಪುಣೆ, ಹೈದರಾಬಾದಿನಲ್ಲಿರುವ ನಮ್ಮವರಿಗೆ ಇದು ನೆರೆಮನೆಯ ಸುದ್ದಿಯೇ ಸರಿ.

ಹಾಗೆಂದು ಉಕ್ಕಿನ ಕವಚವೇ ಎಲ್ಲಕ್ಕೂ ಮದ್ದಲ್ಲ. 2018ರ ಮಾರ್ಚ್ 13ರಂದು ಛತ್ತೀಸಗಢದ ಸುಕ್ಮಾದಲ್ಲಿ ಮಾವೋವಾದಿಗಳು ಇಂಥದೇ ಗಾಡಿಯನ್ನು ಸ್ಫೋಟಿಸಿದಾಗ ಸಿಆರ್‌ಪಿಎಫ್‌ನ 9 ಯೋಧರು ಸತ್ತರು. ಕವಚಕ್ಕೆ ಒಂದು ಮಿತಿಯುಂಟು. ಹೂಳುವ ಸ್ಫೋಟಕಕ್ಕೆ ಮಿತಿಯಿಲ್ಲ. ಭಾರದ ಗಾಡಿಗೆ ರಸ್ತೆಯೇ ಬೇಕು, ಆ ರಸ್ತೆ ಯಾವುದೆಂದು ಹೊಂಚುಹಾಕುವವನಿಗೂ ಗೊತ್ತು. ಹೀಗಾಗಿ ಕಾಡಿನಲ್ಲಿ ಎಷ್ಟೋ ಸಲ ಕಾಲ್ನಡಿಗೆಯೇ ಮೇಲು.

ಮರುವರ್ಷದ ಪುಲ್ವಾಮಾ ನೆನಪಿಸಿಕೊಳ್ಳಿ. ಫೆಬ್ರವರಿ 14ರಂದು ಹುತಾತ್ಮರಾದ 40 ಮಂದಿಯಲ್ಲಿ ಮಂಡ್ಯ ಜಿಲ್ಲೆಯ ಗುಡಿಗೆರೆಯ ಯೋಧನೂ ಒಬ್ಬ. ಅವರು ಕೂತಿದ್ದದ್ದು ಕವಚವಿಲ್ಲದ ಬಸ್ಸಿನಲ್ಲಿ. ‘ಎಲ್ಲರನ್ನೂ ಕವಚದ ಗಾಡಿಯಲ್ಲೇ ಕಳಿಸಬಾರದಿತ್ತೇ?’ ಎನಿಸುವುದು ಸಹಜ. ಆ ದಿನ 78 ವಾಹನಗಳಲ್ಲಿ ಹೊರಟವರು 2,500ಕ್ಕೂ ಹೆಚ್ಚು ಜನ. ಗಾಡಿಗೆ ಹತ್ತು ಜನರೆಂದರೂ 250 ಗಾಡಿ ಬೇಕು. ಸಾಲು ಮತ್ತಷ್ಟು ಉದ್ದವಾಗುತ್ತಿತ್ತು, ಹೊಂಚಿಗೆ ಇನ್ನಷ್ಟು ಅನುಕೂಲವಾಗುತ್ತಿತ್ತು. ಅದೇ ತಿಂಗಳು ಸರ್ಕಾರ ಜಮ್ಮು–ಶ್ರೀನಗರ ನಡುವೆ ಅರೆಸೇನಾ ಪಡೆಯ ಎಲ್ಲರಿಗೂ ವಿಮಾನ ಪ್ರಯಾಣಕ್ಕೆ ಒಪ್ಪಿಗೆ ಕೊಟ್ಟಿತು. ಆ ಕೆಲಸ ದುರಂತಕ್ಕೂ ಮೊದಲೇ ಆಗಬಹುದಿತ್ತು.

ದೇಶೀ ಗಾಡಿಯ ಬಗ್ಗೆ ಹೆಮ್ಮೆಪಡೋಣ, ತಪ್ಪೇನಿಲ್ಲ. ಜೊತೆಗೆ ಇದನ್ನೂ ಕೇಳೋಣ: ಇದು ಎಷ್ಟು ಕಿಲೋ ಸ್ಫೋಟಕ ತಡೆಯುತ್ತದೆ? ಮುಂದೆ ಹೋಗಿ ರಸ್ತೆ ಪರೀಕ್ಷಿಸುವವರು ಯಾರು? ಈ ಪ್ರಯಾಣ ರಸ್ತೆಯಲ್ಲೇ ಆಗಬೇಕೆ? ಹಳ್ಳಿಯಲ್ಲಿ ಮಗನ ಫೋನಿಗಾಗಿ ಕಾಯುವ ತಾಯಿಗೆ ಗಾಡಿಯ ಹೆಸರು ಬೇಕಿಲ್ಲ, ಈ ಪ್ರಶ್ನೆಗಳಿಗೆ ಉತ್ತರ ಬೇಕು.